ಹಚ್ಚೆಯನ್ನು ಅಳಿಸಿದ ಬೆಳಕು



ನಮ್ಮ ಅಜ್ಜಿಯ ಮುಂಗೈ ತುಂಬ ಹಸಿರು ಹಚ್ಚೆ ಇತ್ತು. ಒಡವೆ, ಸೀರೆ, ಮನೆ ಎಲ್ಲವನ್ನೂ ಇಲ್ಲೇ ಬಿಟ್ಟು ಹೋಗಬೇಕು, ಸತ್ತಾಗ ಜೊತೆಗೆ ಬರುವುದು ಹಚ್ಚೆಯೊಂದೇ ಎಂದು ಅವರು ಹೇಳುತ್ತಿದ್ದರು. ಈ ಮಾತನ್ನು ನೀವೂ ನಿಮ್ಮ ಮನೆಯ ಹಿರಿಯರಿಂದ ಕೇಳಿರಬಹುದು. ಅಜ್ಜಿಗೆ ಅದು ಸಮಾಧಾನದ ಮಾತು. ಆದರೆ ಒಮ್ಮೆ ಚಿತ್ರೀಕರಣದ ವೇಳೆ ನಾನು ಕಂಡ ಕಾಲೇಜು ಹುಡುಗನೊಬ್ಬನಿಗೆ ಅದೇ ದೊಡ್ಡ ಚಿಂತೆಯಾಗಿತ್ತು. ಮಣಿಕಟ್ಟಿನ ಮೇಲೆ ಬರೆಸಿಕೊಂಡ ಹೆಸರೊಂದನ್ನು ಅಳಿಸಲು ಆತ ಆಮ್ಲ ಸವರಿಕೊಂಡಿದ್ದ. ಚರ್ಮ ಸುಟ್ಟು ಗಂಟುಗಟ್ಟಿತ್ತು. ಹೆಸರಿನ ಅರ್ಧ ಹಾಗೆಯೇ ಉಳಿದಿತ್ತು.

ಆ ಹುಡುಗ ಮಾಡಿದ್ದು ಹೊಸ ಪ್ರಯೋಗವೇನಲ್ಲ. 6ನೆಯ ಶತಮಾನದ ಗ್ರೀಕ್ ವೈದ್ಯ ಏಟಿಯಸ್ ತನ್ನ ವೈದ್ಯಗ್ರಂಥದಲ್ಲಿ ಹಚ್ಚೆ ತೆಗೆಯುವ ಕ್ರಮವನ್ನು ಬರೆದಿಟ್ಟಿದ್ದಾನೆ. ಲವಣ, ಮರದ ರಾಳ ಮುಂತಾದವನ್ನು ಹಚ್ಚಿ ಚರ್ಮವನ್ನೇ ಕೆರಳಿಸಿ, ಹುಣ್ಣು ಮಾಡಿ ಕಳಚುವ ಕ್ರಮ ಅದು. ನಮ್ಮ ದೇಶದಲ್ಲಿಯೂ ಹಚ್ಚೆ ಎಂದೂ ಅಲಂಕಾರವಾಗಿ ಮಾತ್ರ ಇರಲಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಆಡಳಿತವು 1797ರಲ್ಲಿ ಬಂಗಾಳದಲ್ಲಿ ಜೀವಾವಧಿ ಶಿಕ್ಷೆಗೆ ಗುರಿಯಾದ ಕೈದಿಗಳ ಹಣೆಯ ಮೇಲೆ ಅವರ ಅಪರಾಧವನ್ನು ಹಚ್ಚೆಯಾಗಿ ಚುಚ್ಚಿಸುವ ನಿಯಮ ತಂದಿತು. 1849ರಲ್ಲಿ ಅದು ರದ್ದಾಯಿತು. ಕಾನೂನು ಅಳಿಯಿತು, ಹಣೆಯ ಅಕ್ಷರ ಅಳಿಯಲಿಲ್ಲ. ತಲೆಗೆ ಬಟ್ಟೆ ಸುತ್ತಿ ಅದನ್ನು ಮುಚ್ಚಿಕೊಳ್ಳಬಹುದಿತ್ತು, ಅಷ್ಟೆ.

ಹಚ್ಚೆ ಏಕೆ ಅಳಿಯುವುದಿಲ್ಲ? ನಮ್ಮ ಚರ್ಮದ ಹೊರಪದರ ಸದಾ ಉದುರಿ ಹೊಸದಾಗುತ್ತಿರುತ್ತದೆ. ಸೂಜಿ ಮಸಿಯನ್ನು ಇಳಿಸುವುದು ಅದರ ಕೆಳಗಿನ ಪದರಕ್ಕೆ, ಅಂದರೆ ಒಳಚರ್ಮಕ್ಕೆ. ಅಲ್ಲಿ ಭಕ್ಷಕ ಕೋಶಗಳೆಂಬ ಕಾವಲುಗಾರರು ಮಸಿಯ ಕಣಗಳನ್ನು ನುಂಗುತ್ತವೆ. ಆದರೆ ಕಣಗಳು ದೊಡ್ಡವಾದ್ದರಿಂದ ಅರಗಿಸಿಕೊಳ್ಳಲಾರವು, ಸಾಗಿಸಲೂ ಆರವು. ಒಂದು ಕೋಶ ಸತ್ತರೆ ಅದು ಬಿಟ್ಟ ಮಸಿಯನ್ನು ಮತ್ತೊಂದು ಕೋಶ ನುಂಗಿಕೊಳ್ಳುತ್ತದೆ ಎಂಬುದನ್ನು ಫ್ರಾನ್ಸಿನ ಸಂಶೋಧಕರು 2018ರಲ್ಲಿ ಇಲಿಗಳಲ್ಲಿ ತೋರಿಸಿಕೊಟ್ಟರು. ಹೀಗೆ ಮಸಿ ಕೈಯಿಂದ ಕೈಗೆ ದಾಟುತ್ತ ಇದ್ದಲ್ಲಿಯೇ ಉಳಿಯುತ್ತದೆ.

ಹಾಗಾದರೆ ಮಾಡಬೇಕಾದುದು ಏನು? ಚರ್ಮವನ್ನು ಬಿಟ್ಟು ಮಸಿಯನ್ನಷ್ಟೇ ಒಡೆಯಬೇಕು. ಹಳೆಯ ಯಾವ ವಿಧಾನಕ್ಕೂ ಈ ವಿವೇಚನೆ ಇರಲಿಲ್ಲ. ಉಪ್ಪು, ಆಮ್ಲ, ಚಾಕು ಎಲ್ಲವೂ ಎರಡನ್ನೂ ಒಟ್ಟಿಗೆ ತೆಗೆಯುತ್ತಿದ್ದವು.

1960ರ ಮೇ ತಿಂಗಳಲ್ಲಿ ಅಮೆರಿಕದ ಥಿಯೊಡೋರ್ ಮೈಮನ್ ಮಾಣಿಕ್ಯದ ಹರಳಿನಿಂದ ಮೊದಲ ಲೇಸರ್ ಬೆಳಕನ್ನು ಹೊಮ್ಮಿಸಿದರು. ಅದು 694 ನ್ಯಾನೋಮೀಟರ್ ತರಂಗಾಂತರದ ಕಡುಗೆಂಪು ಬೆಳಕು. ಕೆಲವೇ ವರ್ಷಗಳಲ್ಲಿ ಸಿನ್ಸಿನಾಟಿಯ ಚರ್ಮವೈದ್ಯ ಲಿಯಾನ್ ಗೋಲ್ಡ್‌ಮನ್ ಅದನ್ನು ಚರ್ಮದ ಮೇಲೆ ಪರೀಕ್ಷಿಸತೊಡಗಿದರು. ಕಪ್ಪು ಬಣ್ಣ ಬೆಳಕನ್ನು ಹೆಚ್ಚು ಹೀರುತ್ತದೆ ಎಂಬ, ನೀವು ಶಾಲೆಯಲ್ಲಿ ಕಲಿತ ಪಾಠವೇ ಇದಕ್ಕೆ ಆಧಾರ. 1965ರಲ್ಲಿ ಅವರು ಅತಿ ಕಿರು ಅವಧಿಯ ಮಿಡಿತಗಳ ಮಾಣಿಕ್ಯ ಲೇಸರನ್ನು ಹಚ್ಚೆಯ ಮೇಲೆ ಪ್ರಯೋಗಿಸಿದ ವರದಿಯನ್ನು ಪ್ರಕಟಿಸಿದರು.

ಅವಧಿ ಏಕೆ ಮುಖ್ಯ? ಕಾದ ಹೆಂಚನ್ನು ಥಟ್ಟನೆ ಮುಟ್ಟಿ ಬೆರಳು ತೆಗೆದರೆ ಹೆಚ್ಚು ಸುಡುವುದಿಲ್ಲ, ಒತ್ತಿ ಹಿಡಿದರೆ ಬೊಬ್ಬೆ ಏಳುತ್ತದೆ. ಹಾಗೆಯೇ ಮಸಿಯ ಕಣ ಕಾದು, ಆ ಶಾಖ ಪಕ್ಕದ ಚರ್ಮಕ್ಕೆ ಹರಡುವ ಮೊದಲೇ ಬೆಳಕು ನಿಂತುಬಿಡಬೇಕು. ಅದಕ್ಕೆ ಬೇಕಾದ ಮಿಡಿತದ ಅವಧಿ ಕೆಲವು ನ್ಯಾನೋಸೆಕೆಂಡು. ಒಂದು ನ್ಯಾನೋಸೆಕೆಂಡಿನಲ್ಲಿ ಬೆಳಕು ಸಾಗುವ ದೂರ ನಿಮ್ಮ ಕಂಪಾಸಿನ ಜೊತೆಯ ಉದ್ದನೆಯ ಅಳತೆಪಟ್ಟಿಯಷ್ಟು, ಅಂದರೆ ಸುಮಾರು 30 ಸೆಂಟಿಮೀಟರ್!

ಆದರೆ ಗೋಲ್ಡ್‌ಮನ್ ತೋರಿದ ದಾರಿಯಲ್ಲಿ ಬಹುಕಾಲ ಯಾರೂ ಹೆಚ್ಚು ನಡೆಯಲಿಲ್ಲ. ನಡುವೆ ಬಳಕೆಗೆ ಬಂದ ಆರ್ಗಾನ್ ಮತ್ತು ಇಂಗಾಲದ ಡೈಆಕ್ಸೈಡ್ ಲೇಸರುಗಳು ಚರ್ಮವನ್ನೂ ಸುಟ್ಟು ಕಲೆ ಉಳಿಸುತ್ತಿದ್ದವು. 1983ರಲ್ಲಿ ಎರಡು ಮುಖ್ಯ ಸಂಗತಿಗಳು ನಡೆದವು. ಆಂಡರ್ಸನ್ ಮತ್ತು ಪ್ಯಾರಿಶ್ ಎಂಬ ಅಮೆರಿಕದ ವಿಜ್ಞಾನಿಗಳು ಸರಿಯಾದ ತರಂಗಾಂತರ, ಸರಿಯಾದ ಅವಧಿ ಇದ್ದರೆ ಬೆಳಕು ತನ್ನ ಗುರಿಯನ್ನು ತಾನೇ ಆರಿಸಿಕೊಳ್ಳುತ್ತದೆ ಎಂಬ ಸಿದ್ಧಾಂತವನ್ನು ಮಂಡಿಸಿದರು. ಅದೇ ವರ್ಷ ಸ್ಕಾಟ್ಲೆಂಡಿನ ವೈದ್ಯರು ಕಿರುಮಿಡಿತದ ಮಾಣಿಕ್ಯ ಲೇಸರಿನಿಂದ ಕಪ್ಪು ಹಚ್ಚೆಗಳನ್ನು ತೆಗೆದ ಫಲಿತಾಂಶಗಳನ್ನು ಪ್ರಕಟಿಸಿದರು. 1990ರ ದಶಕದಲ್ಲಿ ಈ ಚಿಕಿತ್ಸೆ ವ್ಯಾಪಕವಾಯಿತು. ಇನ್ನೂ ಕಿರಿದಾದ ಪಿಕೋಸೆಕೆಂಡ್ ಮಿಡಿತದ ಯಂತ್ರಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2012ರಲ್ಲಿ.

ಲೇಸರ್ ಮಸಿಯನ್ನು ಮಾಯ ಮಾಡುವುದಿಲ್ಲ ಎಂಬುದನ್ನು ನೆನಪಿಡಿ. ಅದು ದೊಡ್ಡ ಕಣಗಳನ್ನು ಚೂರು ಮಾಡುತ್ತದೆ. ಅವುಗಳಲ್ಲಿ ಹೆಚ್ಚಿನದನ್ನು ಆ ಬಳಿಕ ನಿಧಾನವಾಗಿ ಹೊತ್ತೊಯ್ಯುವುದು ನಮ್ಮ ದೇಹವೇ. ಅದಕ್ಕೆ ಸಮಯ ಬೇಕು. ಆದ್ದರಿಂದ ಒಂದು ಸರದಿಗೂ ಇನ್ನೊಂದಕ್ಕೂ ನಡುವೆ ಸಾಮಾನ್ಯವಾಗಿ 6ರಿಂದ 8 ವಾರ ಬಿಡುತ್ತಾರೆ. ಅಂಥ ಎಂಟು ಹತ್ತು ಸರದಿ ಬೇಕಾದರೆ ಎಷ್ಟು ಕಾಲವಾಯಿತು, ನೀವೇ ಲೆಕ್ಕ ಹಾಕಿ. ಆಮೇಲೂ ನಸುಛಾಯೆ ಉಳಿಯಬಹುದು. ಹಸಿರು ಬಣ್ಣಕ್ಕೆ ಕೆಂಪು ಬೆಳಕು, ಕೆಂಪು ಬಣ್ಣಕ್ಕೆ ಹಸಿರು ಬೆಳಕು ಬೇಕು. ನಮ್ಮಂಥ ಕಂದು ಮೈಬಣ್ಣದವರ ಚರ್ಮದಲ್ಲಿರುವ ಮೆಲನಿನ್ ಕೂಡ ಬೆಳಕನ್ನು ಹೀರುವುದರಿಂದ, ಅದಕ್ಕೆ ಕಡಿಮೆ ಸಿಕ್ಕುವ 1064 ನ್ಯಾನೋಮೀಟರ್ ಕಿರಣವನ್ನು ವೈದ್ಯರು ಹೆಚ್ಚಾಗಿ ಆರಿಸುತ್ತಾರೆ. ಇದು ತರಬೇತಿ ಪಡೆದ ಚರ್ಮವೈದ್ಯರ ಕೆಲಸ, ಹಚ್ಚೆ ಹಾಕುವ ಅಂಗಡಿಯದಲ್ಲ.

ಅಂದಹಾಗೆ, ಅಜ್ಜಿಯ ಹಚ್ಚೆ ನಿಜವಾಗಿ ಹಸಿರಾಗಿರಲಿಲ್ಲ. ಅದು ದೀಪದ ಕಪ್ಪು ಮಸಿ. ಚರ್ಮದೊಳಗೆ ಬೆಳಕು ಚದುರುವ ರೀತಿಯಿಂದ ಕಪ್ಪು ನಮಗೆ ಹಸಿರು, ನೀಲಿಯಾಗಿ ಕಾಣುತ್ತದೆ. ಆ ಹಚ್ಚೆ ಹಾಕುವಾಗ ಅವರು ಪುಟ್ಟ ಹುಡುಗಿ. ಬೇಕೇ ಎಂದು ಅವರನ್ನು ಯಾರೂ ಕೇಳಿರಲಿಲ್ಲ. ಹಣೆಗೆ ಚುಚ್ಚಿಸಿಕೊಂಡ ಕೈದಿಗಳನ್ನಂತೂ ಕೇಳುವ ಮಾತೇ ಇಲ್ಲ. ನಿಮಗೆ ಮಾತ್ರ ಆ ಸ್ವಾತಂತ್ರ್ಯ ಇದೆ. ಬೇಡವೆನಿಸಿದ ಗುರುತನ್ನು ತಿಳಿಗೊಳಿಸುವ ದಾರಿಯನ್ನು ವಿಜ್ಞಾನ ಈಗ ತೆರೆದಿದೆ, ನಿಜ. ಆದರೆ ಸೂಜಿಗೆ ಒಂದು ಗಂಟೆ ಸಾಕು, ಬೆಳಕಿಗೆ ಒಂದು ವರ್ಷವೂ ಸಾಲದಿರಬಹುದು. ಕೈ ಚಾಚುವ ಮುನ್ನ ಈ ಲೆಕ್ಕ ನಿಮ್ಮ ನೆನಪಿನಲ್ಲಿರಲಿ. ಚಾಚಿ ಆಗಿದ್ದರೆ, ಆಮ್ಲದ ಸೀಸೆಯ ಹತ್ತಿರ ಹೋಗದೆ ವೈದ್ಯರ ಬಳಿಗೆ ಹೋಗಿ.