ಬೇಡರ ಬಿಲ್ಲು, ಬಿಲ್ಲೋಜರ ಶಾಸ್ತ್ರ

ಬಿಲ್ವಿದ್ದೆಯನ್ನು ಕುರಿತ ಚರ್ಚೆಗಳಲ್ಲಿ ಹಳೆಯ ಪ್ರಶ್ನೆಯೊಂದು ಮತ್ತೆ ಮತ್ತೆ ತಲೆಯೆತ್ತುತ್ತದೆ. ಬಾಣವನ್ನು ಗುರಿ ಮುಟ್ಟಿಸುವುದು ಬಿಲ್ಲಾಳಿನ ಸಹಜವಾದ ಏಕಾಗ್ರತೆಯೇ ಅಥವಾ ನಿಲುವು, ಹಿಡಿತ, ಸೆಳೆತ, ಬಿಡುಗಡೆಗಳನ್ನು ಒಂದೊಂದಾಗಿ ಅರಿತು ನಡೆಸುವ ತಂತ್ರವೇ? ಮೇಲುನೋಟಕ್ಕೆ ಇದು ಕೌಶಲಕ್ಕೆ ಸಂಬಂಧಿಸಿದ ಪ್ರಶ್ನೆ. ಆದರೆ ಯಾರ ಕೌಶಲವನ್ನು ‘ವಿದ್ಯೆ’ ಎಂದು ಕರೆಯಲಾಯಿತು, ಯಾರದನ್ನು ‘ಹುಟ್ಟುಗುಣ’ ಎಂದು ಬದಿಗೆ ಸರಿಸಲಾಯಿತು ಎಂದು ಕೇಳಿದಾಗ ಅದು ಚರಿತ್ರೆಯ ಪ್ರಶ್ನೆಯಾಗುತ್ತದೆ. ಇಂದಿನ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಸೀಮೆಯಲ್ಲಿ ಈ ಎರಡೂ ಪರಂಪರೆಗಳ ಗುರುತುಗಳು ಅಕ್ಕಪಕ್ಕದಲ್ಲಿಯೇ ದೊರೆಯುತ್ತವೆ.

ಶಾಸ್ತ್ರದ ಪರಂಪರೆ ಲಿಖಿತವಾದುದು. ಅಗ್ನಿಪುರಾಣದ ಧನುರ್ವೇದ ಭಾಗ, ವಸಿಷ್ಠನ ಹೆಸರಿನಲ್ಲಿರುವ ಧನುರ್ವೇದ ಮೊದಲಾದವು ಬಿಲ್ಲಾಳಿನ ದೇಹವನ್ನು ವ್ಯಾಕರಣದಂತೆ ಬಿಡಿಸಿ ವಿವರಿಸುತ್ತವೆ. ಆಲೀಢ, ಪ್ರತ್ಯಾಲೀಢ, ಸಮಪಾದ, ವೈಶಾಖ, ಮಂಡಲ ಎಂಬುವು ನಿಲುವುಗಳು. ಹೆದೆಯನ್ನು ಹಿಡಿಯುವ ಮುಷ್ಟಿಗೂ ಕಿವಿಯವರೆಗೆ, ಹೆಗಲವರೆಗೆ ಸೆಳೆಯುವ ಅಳತೆಗೂ ಬೇರೆ ಬೇರೆ ಹೆಸರುಗಳಿವೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಶಸ್ತ್ರಗಳ ಪ್ರದರ್ಶನ ಅರಸನ ವಿನೋದಗಳಲ್ಲೊಂದು. ಬಾಗಳಿ ಮತ್ತು ಹೂವಿನ ಹಡಗಲಿಯ ಕಲ್ಲೇಶ್ವರ, ಕುರುವತ್ತಿಯ ಮಲ್ಲಿಕಾರ್ಜುನ ದೇಗುಲಗಳ ಈ ನಾಡು ಆ ಚಾಲುಕ್ಯ ಸಂಸ್ಕೃತಿಯ ಒಳಗಿನದೇ. ಅದೇ ಗ್ರಂಥ ಬೇಟೆಯನ್ನೂ ಬಗೆಬಗೆಯಾಗಿ ವರ್ಣಿಸುತ್ತದೆ. ಮೃಗದ ನಡೆ, ಗಾಳಿಯ ದಿಕ್ಕು, ಅಡಗುವ ತಾಣ ಇವುಗಳ ಅರಿವು ಅರಮನೆಯೊಳಗೆ ಹುಟ್ಟುವಂಥದಲ್ಲ. ಕಾಡಿನಲ್ಲಿ ಬದುಕಿದವರಿಂದಲೇ ಅದು ಅರಸನ ಪುಸ್ತಕಕ್ಕೆ ಬಂದಿರಬೇಕು. ಪುಸ್ತಕದ ಕರ್ತೃತ್ವ ಮಾತ್ರ ಅರಸನದು.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿ ಇನ್ನೊಂದು ಎಳೆಯನ್ನು ಒದಗಿಸುತ್ತದೆ. ಅಲ್ಲಿಯ ಬಸದಿಯನ್ನು ಗಂಗ ದೊರೆ ದುರ್ವಿನೀತನು ಕಟ್ಟಿಸಿದನೆಂದು 11ನೆಯ ಶತಮಾನದ ಶಾಸನ ಹೇಳುತ್ತದೆ. ಇದೇ ದುರ್ವಿನೀತನು ಭಾರವಿಯ ‘ಕಿರಾತಾರ್ಜುನೀಯ’ದ 15ನೆಯ ಸರ್ಗಕ್ಕೆ ವ್ಯಾಖ್ಯಾನ ಬರೆದನೆಂದು ಗುಮ್ಮರೆಡ್ಡಿಪುರದ ತಾಮ್ರಪಟದಿಂದ ತಿಳಿಯುತ್ತದೆ. ಆ ಸರ್ಗ ಚಿತ್ರಬಂಧಗಳಿಗೆ ಹೆಸರಾದುದು. ಭಾಷೆಯ ಪ್ರಜ್ಞಾಪೂರ್ವಕ ತಂತ್ರ ಅಲ್ಲಿ ತುತ್ತತುದಿಯನ್ನು ಮುಟ್ಟುತ್ತದೆ. ಅದರ ವಸ್ತುವಾದರೋ ದ್ರೋಣಶಿಷ್ಯನಾದ ಅರ್ಜುನನಿಗೂ ಬೇಡನಿಗೂ ನಡೆಯುವ ಕಾಳಗ. ಒಂದೇ ಹಂದಿಗೆ ಎರಡು ಬಾಣಗಳು ನಾಟಿದಾಗ ಈ ಜಗಳ ಮೊದಲಾಗುತ್ತದೆ. ಹಂದಿಯ ಮೈಯಲ್ಲಿ ಶಾಸ್ತ್ರದ ಬಾಣ ಯಾವುದು, ಕಾಡಿನ ಬಾಣ ಯಾವುದು ಎಂಬ ಭೇದವಿಲ್ಲ. ಭೇದವೆಲ್ಲ ಒಡೆತನದ ಮಾತು ಬಂದಾಗ ಹುಟ್ಟುವಂಥದು. ಕೊನೆಗೆ ಅರ್ಜುನ ಸೋಲುತ್ತಾನೆ, ಬೇಡ ಶಿವನಾಗಿ ತೋರುತ್ತಾನೆ. ಬೇಡನ ಗೆಲುವನ್ನು ಕಾವ್ಯ ಒಪ್ಪಿಕೊಂಡಿತು ನಿಜ. ಆದರೆ ಆ ಬೇಡ ದೇವರೇ ಆಗಿರಬೇಕೆಂಬ ಷರತ್ತಿನ ಮೇಲೆ.

ದೇವರ ವೇಷವಲ್ಲದ ಬೇಡರು ಈ ಸೀಮೆಯಲ್ಲಿ ಶತಮಾನಗಳಿಂದ ಬದುಕಿದ್ದಾರೆ. ಕೂಡ್ಲಿಗಿ ಭಾಗದಲ್ಲಿ ಮ್ಯಾಸಬೇಡರ ಹಟ್ಟಿಗಳಿವೆ. ಗುಡೇಕೋಟೆ, ಜರಿಮಲೆ, ಹರಪನಹಳ್ಳಿಗಳನ್ನು ಆಳಿದ ಪಾಳೆಯಗಾರರು ಬೇಡ ಮೂಲದವರು. ಗುಡೇಕೋಟೆಯ ಸುತ್ತಿನ ಬಂಡೆಗುಡ್ಡ, ಕುರುಚಲು ಕಾಡುಗಳಲ್ಲಿ ಇಂದಿಗೂ ಕರಡಿಗಳಿವೆ. ಇಂಥ ನೆಲದಲ್ಲಿ ಬೇಟೆಯ ಪ್ರಾಣಿ ಬಂಡೆಗಳ ಸಂದಿಯಲ್ಲಿ ಕ್ಷಣಮಾತ್ರ ಕಂಡು ಮರೆಯಾಗುತ್ತದೆ. ಪಾದಗಳ ಅಂತರವನ್ನು ಅಳೆದು ನಿಲ್ಲುವ ಬಿಡುವು ಅಲ್ಲಿಲ್ಲ. ಕಣ್ಣು ಕಂಡೊಡನೆ ಕೈ ನಡೆಯಬೇಕು. ದೂರದಿಂದ ನೋಡುವವರಿಗೆ ಇದು ಹುಟ್ಟಿನಿಂದ ಬಂದ ಗುಣವೆಂದು ತೋರುವುದು ಸಹಜ. ಆದರೆ ಬಿದಿರನ್ನು ಆರಿಸುವುದು, ಹೆದೆಯನ್ನು ಹೊಸೆಯುವುದು, ಗರಿ ಕಟ್ಟುವುದು, ಹೆಜ್ಜೆಗುರುತನ್ನು ಓದುವುದು ಇವಾವುವೂ ರಕ್ತದಲ್ಲಿ ಹರಿದು ಬರುವುದಿಲ್ಲ. ಹಿರಿಯರ ಹಿಂದೆ ನಡೆದು, ನೋಡಿ, ತಪ್ಪಿ, ತಿದ್ದಿಕೊಂಡು ಕಲಿಯಬೇಕಾದ ಸಂಗತಿಗಳಿವು. ಅಲ್ಲಿಯೂ ಬಿಲ್ಲೋಜರಿದ್ದರು, ಅವರು ಗ್ರಂಥ ಬರೆಯಲಿಲ್ಲ ಅಷ್ಟೆ.

ಹಂಪೆಯ ಇತಿಹಾಸದಲ್ಲಿಯೂ ಇದಕ್ಕೆ ಪೂರಕವಾದ ಪ್ರಸಂಗವಿದೆ. ಬಹಮನಿ ಸೈನ್ಯದ ಮೇಲುಗೈಗೆ ಒಳ್ಳೆಯ ಕುದುರೆಗಳೂ ನುರಿತ ಬಿಲ್ಲಾಳುಗಳೂ ಕಾರಣವೆಂದು ತಿಳಿದ ಇಮ್ಮಡಿ ದೇವರಾಯನು ಮುಸ್ಲಿಂ ಬಿಲ್ಲಾಳುಗಳನ್ನು ಸೇರಿಸಿಕೊಂಡು, ತನ್ನ ಸೈನಿಕರಿಗೂ ಬಿಲ್ಲುಗಾರಿಕೆಯನ್ನು ಕಲಿಸಲು ಆಜ್ಞಾಪಿಸಿದನೆಂದು ಫೆರಿಸ್ತಾ ಬರೆಯುತ್ತಾನೆ. ಹೀಗೆ ಸಿದ್ಧವಾದವರು 2,000 ಮುಸ್ಲಿಮರು ಮತ್ತು 60,000 ಹಿಂದೂಗಳು ಎಂಬುದು ಅವನ ಲೆಕ್ಕ. ಶತಮಾನಕ್ಕೂ ಹೆಚ್ಚು ಕಾಲದ ಅನಂತರ ಬರೆದವನ ಸಂಖ್ಯೆಗಳನ್ನು ಎಚ್ಚರದಿಂದಲೇ ನೋಡಬೇಕು. ಆದರೂ ವಿಷಯ ಸ್ಪಷ್ಟ. ಬೇಡರ ಬಿಲ್ಲು ಕೂಗಳತೆಯಲ್ಲಿದ್ದರೂ ರಾಜಧಾನಿಗೆ ಹೊರಗಿನ ಗುರುಗಳು ಬೇಕಾದರು. ಕುದುರೆಯ ಮೇಲಿಂದ ಎಸೆಯುವ, ಸಾಲಾಗಿ ನಿಂತು ಒಂದೇ ಸಲ ಎಸೆಯುವ ಕಲೆ ಬೇಟೆಯ ಕಲೆಗಿಂತ ಬೇರೆಯಾದುದು. ಪ್ರತಿಯೊಂದು ‘ಸಹಜತೆ’ಯೂ ತಾನು ಬೆಳೆದ ನೆಲಕ್ಕೆ ಮಾತ್ರ ಸಹಜ, ನೆಲ ಬದಲಾದರೆ ಮತ್ತೆ ಮೊದಲಿನಿಂದ ಕಲಿಯಬೇಕು.

ಮಹಾಭಾರತ ಈ ವಿಚಾರವನ್ನು ಬಹು ಹಿಂದೆಯೇ ಮುಟ್ಟಿದೆ. ಹಕ್ಕಿಯ ತಲೆಯೊಂದನ್ನೇ ಕಂಡ ಅರ್ಜುನನ ಕಥೆಯನ್ನು ಏಕಾಗ್ರತೆಗೆ ನಿದರ್ಶನವಾಗಿ ಎಲ್ಲರೂ ಹೇಳುತ್ತಾರೆ. ಅದು ಶಿಕ್ಷಣದ ಕೊನೆಯಲ್ಲಿ ನಡೆದ ಪರೀಕ್ಷೆ ಎಂಬುದನ್ನು ಮರೆಯುತ್ತಾರೆ. ನಿಲುವು, ಹಿಡಿತಗಳನ್ನು ದ್ರೋಣ ಅಂದು ಕೇಳಲಿಲ್ಲ. ಅವು ಆಗಲೇ ಮೈಗೂಡಿದ್ದವು. ಇದಕ್ಕೂ ಮುಂಚಿನ ಪ್ರಸಂಗ ಇನ್ನೂ ಅರ್ಥಪೂರ್ಣ. ಉಣ್ಣುತ್ತಿದ್ದಾಗ ಗಾಳಿಗೆ ದೀಪ ಆರುತ್ತದೆ. ಕತ್ತಲೆಯಲ್ಲಿಯೂ ಕೈ ತಪ್ಪದೆ ಬಾಯಿಗೆ ಹೋಗುತ್ತದೆ. ಇದು ಅಭ್ಯಾಸದ ಫಲವೆಂದು ಅರಿತ ಅರ್ಜುನ ಅಂದಿನಿಂದ ಇರುಳಿನಲ್ಲಿ ಬಾಣ ಬಿಡಲು ಕಲಿಯುತ್ತಾನೆ. ಜಪಾನಿನಲ್ಲಿ ಬಿಲ್ಲುವಿದ್ಯೆ ಕಲಿತ ಜರ್ಮನ್ ತತ್ತ್ವಜ್ಞಾನಿ ಯೂಜೆನ್ ಹೆರಿಗೆಲ್‌ನ 1948ರ ಕೃತಿಯನ್ನು ‘ತಾನೇ ತಾನಾಗಿ ಬಿಡುಗಡೆಯಾಗುವ ಬಾಣ’ದ ಹೊಗಳಿಕೆಯೆಂದು ಓದುವುದುಂಟು. ಅವನೂ ಉಸಿರು ಮತ್ತು ಸೆಳೆತಗಳ ಅಭ್ಯಾಸದಲ್ಲಿ ವರ್ಷಗಳನ್ನೇ ಕಳೆದಿದ್ದ.

ಏಕಲವ್ಯನ ಕಥೆ ಇನ್ನೊಂದು ಅಂಚನ್ನು ತೋರಿಸುತ್ತದೆ. ಅವನು ಹಿರಣ್ಯಧನು ಎಂಬ ನಿಷಾದರಾಜನ ಮಗ. ತಂದೆಯ ಹೆಸರಿನಲ್ಲಿಯೇ ಬಿಲ್ಲಿದೆ. ಮಣ್ಣಿನ ದ್ರೋಣನ ಮುಂದೆ ಅವನು ನಡೆಸಿದ್ದು ನಿರಂತರ ಸಾಧನೆ. ಬೊಗಳುವ ನಾಯಿಯ ಬಾಯಿಗೆ ಏಳು ಬಾಣಗಳನ್ನು ತುಂಬಿದ ಕೈಚಳಕ ಆ ಸಾಧನೆಯಿಂದ ಬಂದುದು. ಹೆಬ್ಬೆರಳನ್ನು ಕೊಟ್ಟ ಮೇಲೆ ಉಳಿದ ಬೆರಳುಗಳಿಂದ ಅವನು ಬಾಣ ಬಿಟ್ಟನು, ಆದರೆ ಮೊದಲಿನ ವೇಗ ಉಳಿಯಲಿಲ್ಲ. ಬಿಲ್ಲುಗಾರಿಕೆ ಬರಿಯ ಏಕಾಗ್ರತೆಯಾಗಿದ್ದರೆ ಹೆಬ್ಬೆರಳು ಹೋದುದರಿಂದ ಏನೂ ಕೆಡಬಾರದಿತ್ತು. ದ್ರೋಣನಿಗೆ ಇದು ಚೆನ್ನಾಗಿ ಗೊತ್ತಿತ್ತು. ವಿದ್ಯೆ ಎಲ್ಲಿ ನೆಲೆಸಿದೆಯೋ ಅದನ್ನೇ ಅವನು ಕೇಳಿದ. ಬೇಡನದು ಹುಟ್ಟುಗುಣವೆಂದು ಅವನು ನಂಬಿದ್ದರೆ ಗುರುದಕ್ಷಿಣೆಯ ಪ್ರಶ್ನೆಯೇ ಏಳುತ್ತಿರಲಿಲ್ಲ.

‘ರಕ್ತಗತ’ ಎಂಬ ಹೊಗಳಿಕೆಯ ಅಪಾಯ ಇಲ್ಲಿದೆ. ಕಲಿತದ್ದನ್ನು ಹುಟ್ಟಿನದೆಂದರೆ ಕಲಿಸಿದವರು ಚರಿತ್ರೆಯಿಂದ ಅಳಿಸಿಹೋಗುತ್ತಾರೆ, ಕಲಿಕೆ ನಿಂತುಹೋದದ್ದೂ ಯಾರ ಗಮನಕ್ಕೂ ಬರುವುದಿಲ್ಲ. 1857ರಲ್ಲಿ ಬ್ರಿಟಿಷರು ನಿಶ್ಶಸ್ತ್ರೀಕರಣವನ್ನು ಜಾರಿಗೆ ತಂದಾಗ ಉತ್ತರದ ಹಲಗಲಿಯ ಬೇಡರು ದಂಗೆಯೆದ್ದರು. ಆಯುಧವನ್ನು ಒಪ್ಪಿಸುವುದೆಂದರೆ ಬದುಕಿನ ಕ್ರಮವನ್ನೇ ಒಪ್ಪಿಸುವುದೆಂದು ಅವರು ಕಂಡಿದ್ದರು. ಹುಟ್ಟುಗುಣವನ್ನು ಯಾವ ಸರ್ಕಾರವೂ ಕಸಿದುಕೊಳ್ಳಲಾರದು. ಕಸಿದುಕೊಳ್ಳಬಹುದಾದುದು ಕೈಯಿಂದ ಕೈಗೆ ಸಾಗುವ ವಿದ್ಯೆಯನ್ನು ಮಾತ್ರ.

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಬಿಲ್ಲು ಇಂದಿಗೂ ನೆಟ್ಟಗೆ ನಿಲ್ಲುತ್ತದೆ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯನು ಆಳೆತ್ತರಕ್ಕಿಂತ ಬಹಳ ಎತ್ತರವಾದ ಬಿಲ್ಲನ್ನು ಏರಿ, ‘ಸದ್ದಲೇ’ ಎಂದು ಕೂಗಿ, ನೆರೆದ ಜನಸಾಗರ ಮೌನವಾದಾಗ ಒಂದೇ ಮಾತಿನ ಕಾರಣಿಕ ನುಡಿದು ಕೆಳಗೆ ಬೀಳುತ್ತಾನೆ. ಜನ ಕಾಣುವುದು ಆ ಒಂದು ಗಳಿಗೆಯನ್ನು. ಅದರ ಹಿಂದಿನ ದಿನಗಳ ವ್ರತ, ಉಪವಾಸ, ತಲೆಮಾರುಗಳಿಂದ ಬಂದ ಕ್ರಮ ಕಣ್ಣಿಗೆ ಬೀಳುವುದಿಲ್ಲ. ಬೇಟೆಗಾರನ ಬಾಣದ ವಿಚಾರದಲ್ಲಿಯೂ ಆದುದು ಇದೇ. ಕೂಡ್ಲಿಗಿ, ಕೊಟ್ಟೂರು ಭಾಗದ ಹಟ್ಟಿಗಳ ಕಥನಗಳಲ್ಲಿ ಬಿಲ್ಲು, ಹೆದೆ, ಸರಳು, ಬೇಟೆಗಳಿಗೆ ಸಂಬಂಧಿಸಿದ ಪದಗಳನ್ನು ಸಂಗ್ರಹಿಸುವ ಕೆಲಸ ಸಂಶೋಧಕರ ಮುಂದಿದೆ. ಆಲೀಢ, ಪ್ರತ್ಯಾಲೀಢಗಳ ಪಕ್ಕದಲ್ಲಿ ಆ ಪದಗಳನ್ನೂ ಇರಿಸಿದಾಗಲೇ ಕನ್ನಡ ನಾಡಿನ ಬಿಲ್ವಿದ್ದೆಯ ಚರಿತ್ರೆ ಪೂರ್ಣವಾದೀತು.