ಈಸೂರಿನಿಂದ ಕಾಗೋಡಿಗೆ: ಶಿವಮೊಗ್ಗ ಜಿಲ್ಲೆಯಲ್ಲಿ ಪೊಲೀಸು, ರಾಜಕೀಯ ಮತ್ತು ಸಮುದಾಯ

ಪೊಲೀಸು ಸರ್ಕಾರದ ಕೈ ಎಂಬ ಭಾವನೆ ನಮ್ಮ ಜನರಲ್ಲಿ ಬೇರೂರಿದೆ. ಆ ಕೈ ಯಾರ ಪರವಾಗಿ ಚಲಿಸಿತೆಂಬುದನ್ನು ಶಿವಮೊಗ್ಗ ಜಿಲ್ಲೆಯ ಎರಡು ಪ್ರಕರಣಗಳಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೈಸೂರು ಸಂಸ್ಥಾನದ ಹಳ್ಳಿಗಳಲ್ಲಿ ಕಾಯಿದೆಯ ಪ್ರತಿನಿಧಿಗಳಾಗಿದ್ದವರು ವಂಶಪಾರಂಪರ್ಯವಾಗಿ ಬಂದ ಪಟೇಲ, ತಳವಾರರು. ಅವರ ಮೇಲಿನ ಅಮಲ್ದಾರನು ಕಂದಾಯದ ಅಧಿಕಾರಿಯೂ ಹೌದು, ಮ್ಯಾಜಿಸ್ಟ್ರೇಟನೂ ಹೌದು. ಆದುದರಿಂದ ಕಂದಾಯವನ್ನು ನಿರಾಕರಿಸುವುದೆಂದರೆ ಪೊಲೀಸರನ್ನು ಎದುರಿಸುವುದೆಂದೇ ಅರ್ಥವಾಗಿತ್ತು.

1942ರ ಸೆಪ್ಟೆಂಬರಿನಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರಿನವರು ಕಂದಾಯ ಕೊಡಲೊಪ್ಪದೆ, ವೀರಭದ್ರನ ಗುಡಿಯ ಮೇಲೆ ರಾಷ್ಟ್ರಧ್ವಜವನ್ನೇರಿಸಿ, ಇಬ್ಬರು ಬಾಲಕರನ್ನು ಅಮಲ್ದಾರ ಮತ್ತು ಸಬ್‌ಇನ್‌ಸ್ಪೆಕ್ಟರರೆಂದು ನೇಮಿಸಿದರು. ಇದನ್ನು ಕೇವಲ ವಿನೋದವೆಂದು ತಳ್ಳಿಹಾಕಲಾಗದು. ಗ್ರಾಮಸ್ಥರು ಆ ಹುದ್ದೆಗಳನ್ನು ಅಳಿಸಲಿಲ್ಲ; ತಮ್ಮವರಿಂದ ತುಂಬಿದರು. ಅವರು ತಿರಸ್ಕರಿಸಿದ್ದು ಅಧಿಕಾರವನ್ನಲ್ಲ, ತಮಗೆ ಹೊಣೆಯಾಗದ ಅಧಿಕಾರವನ್ನು. ಸೆಪ್ಟೆಂಬರ್ 28ರ ಘರ್ಷಣೆಯಲ್ಲಿ ನಿಜವಾದ ಅಮಲ್ದಾರರೂ ಸಬ್‌ಇನ್‌ಸ್ಪೆಕ್ಟರರೂ ಹತರಾದರು. 1943ರ ಮಾರ್ಚಿಯಲ್ಲಿ ಐವರು ಗ್ರಾಮಸ್ಥರನ್ನು ಗಲ್ಲಿಗೇರಿಸಲಾಯಿತು.

1947ರ ಅಕ್ಟೋಬರಿನಲ್ಲಿ ಮೈಸೂರಿಗೆ ಜವಾಬ್ದಾರಿ ಸರ್ಕಾರ ಲಭಿಸಿತು. ಕೈ ಈಗ ನಮ್ಮದೇ ಆಯಿತೆಂದು ಜನ ನಂಬಿದ್ದು ಸಹಜ. ಆದರೆ 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಭತ್ತ ಅಳೆಯುವ ಕೊಳಗದ ಅನ್ಯಾಯವನ್ನು ಪ್ರಶ್ನಿಸಿ ಸತ್ಯಾಗ್ರಹ ಹೂಡಿದಾಗ, ಅವರನ್ನು ಬಂಧಿಸಿದವರು ಸ್ವತಂತ್ರ ಭಾರತದ ಪೊಲೀಸರೇ. ಬೆಂಬಲಕ್ಕೆ ಬಂದ ರಾಮಮನೋಹರ ಲೋಹಿಯಾ ಅವರೂ ಬಂಧಿತರಾದರು. ಒಡೆಯರು ಬದಲಾದರೂ, ಭೂಸಂಬಂಧ ಬದಲಾಗದಿದ್ದುದರಿಂದ ಠಾಣೆಯ ಕಾರ್ಯ ಮೊದಲಿನಂತೆಯೇ ನಡೆಯಿತು. ವಿವಾದಕ್ಕೆ ಪರಿಹಾರ ದೊರೆತುದು ಠಾಣೆಯಲ್ಲಲ್ಲ, ಶಾಸನಸಭೆಯಲ್ಲಿ: 1952ರಲ್ಲಿ ಶಾಂತವೇರಿ ಗೋಪಾಲಗೌಡರು ಅಲ್ಲಿಗೆ ಆಯ್ಕೆಯಾದರು, 1974ರ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿದಾರರಿಗೆ ಒಡೆತನದ ಹಕ್ಕು ಪ್ರಾಪ್ತವಾಯಿತು.

ನಗರಗಳ ಸ್ಥಿತಿ ಭಿನ್ನ. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯು ಭದ್ರಾವತಿಗೆ ನಾನಾ ಭಾಷೆಗಳ ಕಾರ್ಮಿಕರನ್ನು ಕರೆತಂದಿತು. ಪಟೇಲ, ತಳವಾರರು ಹುಟ್ಟಿನಿಂದ ಬಲ್ಲ ಜನ ಅಲ್ಲಿರಲಿಲ್ಲ. 1961ರ ಶಾಸನವು ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನೇ ರದ್ದುಪಡಿಸಿದ ಮೇಲೆ, ಶಿವಮೊಗ್ಗ, ಭದ್ರಾವತಿಗಳಂತಹ ಊರುಗಳಲ್ಲಿ ಪರಿಚಯದ ಸ್ಥಾನವನ್ನು ಕಾಯಿದೆಯ ಮೇಲಿನ ವಿಶ್ವಾಸವೇ ತುಂಬಬೇಕಾಯಿತು.

ಈ ವಿಶ್ವಾಸಕ್ಕೆ ಪೊಲೀಸರು ಆಳುವ ಪಕ್ಷದಿಂದ ದೂರವಿರುವುದು ಅಗತ್ಯ. 2006ರಲ್ಲಿ ಸರ್ವೋಚ್ಚ ನ್ಯಾಯಾಲಯವು ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ರಾಜ್ಯಗಳಿಗೆ ನೀಡಿದ ನಿರ್ದೇಶನಗಳ ತಿರುಳೂ ಇದೇ. ಪೊಲೀಸರು ನಮ್ಮವರಾಗಬೇಕೆಂದು ಈಸೂರು ಬಯಸಿತು. ನಮ್ಮವರಾದರಷ್ಟೇ ಸಾಲದು, ನಿಷ್ಪಕ್ಷಪಾತಿಗಳೂ ಆಗಬೇಕೆಂದು ಕಾಗೋಡು ತೋರಿಸಿಕೊಟ್ಟಿತು.