ಯುದ್ಧವಿಮಾನ ಸಿಮ್ಯುಲೇಟರ್‌ಗಳಲ್ಲಿ ಎಂಜಿನ್ ಮತ್ತು ಪ್ರೊಪೆಲ್ಲರ್ ನಿಯಂತ್ರಣ

ಎರಡನೆಯ ಮಹಾಯುದ್ಧದ ವಿಮಾನಗಳನ್ನು ಅನುಕರಿಸುವ 'ಐಎಲ್-2 ಸ್ಟರ್ಮೊವಿಕ್', 'ಡಿಸಿಎಸ್ ವರ್ಲ್ಡ್' ಮುಂತಾದ ಸಿಮ್ಯುಲೇಟರ್‌ಗಳಲ್ಲಿ ಅನೇಕ ವಿಮಾನಗಳ ಎಂಜಿನ್ ಶಕ್ತಿಯನ್ನು ಎರಡು ಲಿವರ್‌ಗಳಿಂದ ನಿಯಂತ್ರಿಸಲಾಗುತ್ತದೆ. ಥ್ರಾಟಲ್ ಮ್ಯಾನಿಫೋಲ್ಡ್ ಒತ್ತಡವನ್ನೂ ಪ್ರೊಪೆಲ್ಲರ್ ಲಿವರ್ ನಿಮಿಷಕ್ಕೆ ಎಷ್ಟು ಸುತ್ತು ಎಂಬುದನ್ನೂ ನಿರ್ಧರಿಸುತ್ತವೆ. ಗವರ್ನರ್ ಅಲಗುಗಳ ಕೋನವನ್ನು ಬದಲಿಸುತ್ತ ಆ ವೇಗವನ್ನು ಕಾಯ್ದುಕೊಳ್ಳುತ್ತದೆ. ಶಕ್ತಿ ಏರಿಸುವಾಗ ಮೊದಲು ಸುತ್ತು, ಅನಂತರ ಒತ್ತಡ. ಇಳಿಸುವಾಗ ಇದರ ವಿಪರ್ಯಯ. ಕಾದಾಟದ ಭರದಲ್ಲಿ ಆಟಗಾರರು ಮರೆಯುವುದು ಈ ಕ್ರಮವನ್ನೇ. ಕಡಿಮೆ ಸುತ್ತಿನಲ್ಲಿ ಅಧಿಕ ಒತ್ತಡ ಬಿದ್ದರೆ ಸಿಲಿಂಡರ್‌ನೊಳಗಿನ ಮಿಶ್ರಣ ಒಮ್ಮೆಲೇ ಸ್ಫೋಟಿಸಿ ಎಂಜಿನ್ ಹಾಳಾಗಬಹುದು. ಜರ್ಮನಿಯ ಫೋಕೆ-ವುಲ್ಫ್ 190ರಲ್ಲಾದರೋ ಒಂದೇ ಲಿವರ್‌ಗೆ ಅನುಗುಣವಾಗಿ ಯಂತ್ರವೇ ಇವನ್ನೆಲ್ಲ ಹೊಂದಿಸುತ್ತಿತ್ತು.

ಬೆಂಗಳೂರಿನ ಎಚ್‌ಎಎಲ್ ರೂಪಿಸಿದ, 1977ರಲ್ಲಿ ಮೊದಲು ಹಾರಿದ ತರಬೇತಿ ವಿಮಾನ ಎಚ್‌ಪಿಟಿ-32 ದೀಪಕ್‌ನಲ್ಲಿಯೂ 260 ಅಶ್ವಶಕ್ತಿಯ ಲೈಕಮಿಂಗ್ ಎಂಜಿನ್ನಿಗೆ ಸ್ಥಿರವೇಗದ ಪ್ರೊಪೆಲ್ಲರನ್ನೇ ಜೋಡಿಸಲಾಗಿತ್ತು.